ಸೋರದ ಸೋರೆ: ದಾವಣಗೆರೆಯ ಮಕ್ಕಳು ಕಟ್ಟಿದ ಸಮುದ್ರದ ತೇಲುಬುರುಡೆ

ಜೂನ್ ಕೊನೆಯಲ್ಲಿ ಒಂಬತ್ತನೇ ಕ್ಲಾಸಿಗೆ ತೇಲುವಿಕೆಯ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಮಿಸ್, ಹರಿಹರದ ಹೊಳೇಲಿ ಒಂದು ಬಾಟ್ಲಿ ಬಿಟ್ರೆ ಎಲ್ಲಿಗೆ ಹೋಗುತ್ತೆ?" ತುಂಗಭದ್ರೆ ಕೃಷ್ಣೆಗೆ ಸೇರುತ್ತದೆ, ಕೃಷ್ಣೆ ಬಂಗಾಳಕೊಲ್ಲಿಗೆ ಸೇರುತ್ತದೆ ಅಂದೆ. "ಆಮೇಲೆ?" ಅಂದಳು.

ಆಮೇಲಿನದ್ದಕ್ಕೆ ಬಾತುಕೋಳಿಗಳ ಕಥೆ ಹೇಳಿದೆ. 1992ರ ಜನವರಿ 10ರಂದು ಪೆಸಿಫಿಕ್ ಸಾಗರದ ನಡುವೆ ಒಂದು ಹಡಗಿನಿಂದ ಕಂಟೇನರ್‌ಗಳು ನೀರಿಗೆ ಬಿದ್ದವು. ಒಂದರಲ್ಲಿ 28,800 ಪ್ಲಾಸ್ಟಿಕ್ ಆಟಿಕೆಗಳಿದ್ದವು. ಹಳದಿ ಬಾತುಕೋಳಿ, ಹಸಿರು ಕಪ್ಪೆ, ನೀಲಿ ಆಮೆ, ಕೆಂಪು ಬೀವರ್. ಸುಮಾರು ಹತ್ತು ತಿಂಗಳಾದ ಮೇಲೆ ಅವು ಅಲಾಸ್ಕಾದ ದಡಕ್ಕೆ ಬಂದು ಬೀಳತೊಡಗಿದವು. ಸಮುದ್ರದ ನೀರು ಹೇಗೆ ಸುತ್ತುತ್ತದೆ ಅಂತ ತಿಳಿಯಲು ವಿಜ್ಞಾನಿಗಳು ಅವುಗಳ ದಾರಿ ಹಿಡಿದರು.

ಕಥೆ ಮುಗೀತು ಅಂದುಕೊಂಡೆ. ಅದೇ ಹುಡುಗಿ ಮತ್ತೆ ಕೈ ಎತ್ತಿದಳು. "ಬಾತುಕೋಳಿ ನೀರಿನ ಮೇಲೆ ಕೂತಿರುತ್ತಲ್ವಾ ಮಿಸ್? ಹಾಗಾದ್ರೆ ಅದನ್ನ ನೂಕಿದ್ದು ನೀರೋ ಗಾಳಿಯೋ?"

ಈ ಒಂದು ಪ್ರಶ್ನೆಯಿಂದ ನಮ್ಮ ಏಳು ತಿಂಗಳ ಕೆಲಸ ಶುರುವಾಯಿತು. ಎಂಟು ಮಕ್ಕಳು, ನಾನು, ನಮ್ಮ ಪಿಟಿ ಮೇಷ್ಟ್ರು. ಸಮುದ್ರ ನಮ್ಮ ಊರಿಂದ ರಸ್ತೆಯಲ್ಲಿ ಇನ್ನೂರು ಕಿಲೋಮೀಟರಿಗೂ ದೂರ. ಆ ಎಂಟು ಜನರಲ್ಲಿ ಆರು ಮಂದಿ ಸಮುದ್ರವನ್ನು ನೋಡಿರಲೇ ಇಲ್ಲ.

ನೀರಿನ ಜೊತೆ ತೇಲಿ ಹೋಗುತ್ತಾ, ತಾನು ಎಲ್ಲಿದ್ದೀನಿ ಅಂತ ಹೇಳುತ್ತಾ ಇರುವ ಬುರುಡೆಗೆ ಡ್ರಿಫ್ಟರ್ ಅಂತಾರೆ. ಜಗತ್ತಿನ ಸಮುದ್ರಗಳಲ್ಲಿ ಇಂಥವು ಯಾವಾಗಲೂ ಸಾವಿರಕ್ಕೂ ಮೇಲೆ ತೇಲುತ್ತಿರುತ್ತವೆ. ಅವುಗಳ ಮೇಲೆ ಕಾಣುವುದು ಫುಟ್‌ಬಾಲಿಗಿಂತ ಸ್ವಲ್ಪ ದೊಡ್ಡ ಚೆಂಡು ಅಷ್ಟೇ. ಅದರ ಕೆಳಗೆ, 15 ಮೀಟರ್ ಆಳದಲ್ಲಿ, ಪಕ್ಕಗಳಲ್ಲಿ ತೂತಿರುವ ಉದ್ದನೆಯ ಬಟ್ಟೆಯ ಚೀಲ ನೇತಾಡುತ್ತಿರುತ್ತದೆ. ಚೀಲವನ್ನು ನೀರು ಹಿಡಿದುಕೊಳ್ಳುತ್ತದೆ, ಚೆಂಡು ಅದರ ಹಿಂದೆ ಹೋಗುತ್ತದೆ. ಇದು ಆಳ ಸಮುದ್ರದ್ದು. ದಡದ ಹತ್ತಿರದ ನೀರಿಗೆ ಬೇರೆ ಮಾದರಿ ಇದೆ. 1980ರ ದಶಕದ ಶುರುವಿನಲ್ಲಿ ಅಮೆರಿಕದ ರಸ್ ಡೇವಿಸ್ ಅನ್ನುವ ವಿಜ್ಞಾನಿ ಕ್ಯಾಲಿಫೋರ್ನಿಯಾ ಕರಾವಳಿಗೆ ಮಾಡಿದ್ದು. ಸುಮಾರು ಒಂದು ಮೀಟರಿನ ಕೊಳವೆ, ಅದಕ್ಕೆ ನಾಲ್ಕು ದಿಕ್ಕಿಗೆ ನಾಲ್ಕು ಬಟ್ಟೆಯ ರೆಕ್ಕೆ. ನಾವು ಆರಿಸಿಕೊಂಡಿದ್ದು ಇದನ್ನೇ. ಪೈಪು, ಬಿದಿರು, ಬಟ್ಟೆ ಮೂರೂ ದಾವಣಗೆರೆಯಲ್ಲಿ ಸಿಗುತ್ತವೆ.

ಹಳ್ಳಿ ಕಡೆ ಈಜು ಕಲಿಯುವಾಗ ಬೆನ್ನಿಗೆ ಸೋರೆಬುರುಡೆ ಕಟ್ಟುತ್ತಿದ್ದರಲ್ಲ, ಆ ನೆನಪಿಗೆ ಮಕ್ಕಳು ಇದಕ್ಕೆ "ಸೋರೆ" ಅಂತ ಹೆಸರಿಟ್ಟರು.

ಮೊದಲ ವಾರವೆಲ್ಲ ಬರೀ ಬೋರ್ಡಿನ ಮೇಲಿನ ಲೆಕ್ಕ. ನೀರಿನ ಸಾಂದ್ರತೆ ಗಾಳಿಯದಕ್ಕಿಂತ ಸುಮಾರು 830 ಪಟ್ಟು ಜಾಸ್ತಿ. ನೂಕುವ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಒಂದು ವಸ್ತು ಅರ್ಧ ಮೇಲೆ, ಅರ್ಧ ಮುಳುಗಿ ತೇಲುತ್ತಿದ್ದರೆ, ಅದು ಗಾಳಿಯ ವೇಗದ 29ನೇ ಒಂದು ಭಾಗದಷ್ಟು ನೀರಿನ ಮೇಲೆ ಜಾರುತ್ತದೆ. 29 ಅಂದರೆ 830ರ ವರ್ಗಮೂಲ. ಸೆಕೆಂಡಿಗೆ 5 ಮೀಟರ್ ಗಾಳಿ ಬೀಸಿದರೆ 17 ಸೆಂಟಿಮೀಟರ್ ಜಾರಾಟ. ಬಾತುಕೋಳಿಯ ಕಥೆ ಇದೇ. ಈಗ ನೀರೊಳಗಿನ ಭಾಗ ಮೇಲಿನ ಭಾಗದ 40 ಪಟ್ಟು ಇರಲಿ. ದೊಡ್ಡ ಡ್ರಿಫ್ಟರ್‌ಗಳಲ್ಲೂ ಗುರಿ ಅಷ್ಟೇ ಇರುತ್ತದೆ. 830ನ್ನು 40ರಿಂದ ಗುಣಿಸಿ ವರ್ಗಮೂಲ ತೆಗೆದರೆ 182. ಅದೇ ಗಾಳಿಗೆ ಜಾರಾಟ 2.7 ಸೆಂಟಿಮೀಟರಿಗೆ ಇಳಿಯಿತು. ಲೆಕ್ಕ ಕಂಡರೆ ಹೆದರುವ ಹುಡುಗನೊಬ್ಬ ಇದನ್ನು ತಾನೇ ಮಾಡಿ, ಚಾಕ್‌ಪೀಸ್ ಕೆಳಗಿಟ್ಟು, "ಅಂದ್ರೆ ತಲೆ ಸಣ್ಣದಿರಬೇಕು, ಹೊಟ್ಟೆ ದೊಡ್ಡದಿರಬೇಕು" ಅಂದ. ಆಮೇಲಿನ ಎಲ್ಲಾ ತಕರಾರುಗಳನ್ನೂ ನಾವು ಆ ಮಾತಿನ ಮೇಲೇ ತೀರ್ಮಾನ ಮಾಡಿದ್ದು.

ಮೊದಲ ಸೋರೆ ಕೆಟ್ಟಿದ್ದು ನನ್ನ ತಪ್ಪಿನಿಂದ. ಬೋರ್‌ವೆಲ್ ಅಂಗಡಿಯಿಂದ ನಾಲ್ಕಿಂಚಿನ ಪಿವಿಸಿ ಪೈಪ್ 110 ಸೆಂಟಿಮೀಟರ್ ಕೊಯ್ಸಿ ತಂದೆವು. ಎರಡೂ ಕಡೆ ಎಂಡ್ ಕ್ಯಾಪ್. ಬಿದಿರಿನ ಕೈಗಳನ್ನು ತೂರಿಸಲು ಪೈಪಿಗೆ ತೂತು ಹೊಡೆದು ಸುತ್ತ ಎಂಸೀಲ್ ಮೆತ್ತಿದೆವು. ಒಂದು ರಾತ್ರಿ ನೀರಲ್ಲಿಟ್ಟೆವು. ಬೆಳಿಗ್ಗೆ ಒಳಗೆ ಎರಡು ಲೋಟ ನೀರಿತ್ತು. ಬಿದಿರು ನೀರು ಕುಡಿದು ಊದಿಕೊಳ್ಳುತ್ತದೆ, ಒಣಗಿದರೆ ಕುಗ್ಗುತ್ತದೆ, ಅಲೆಗೆ ಅಲ್ಲಾಡುತ್ತದೆ. ಎಂಸೀಲ್ ಗಟ್ಟಿಯಾಗಿ ನಿಂತಿರುತ್ತದೆ. ಇವೆರಡರ ನಡುವೆ ಸಂದಿ ಬಿಡದೆ ಇನ್ನೇನಾಗುತ್ತದೆ?

ಮಕ್ಕಳು ಎರಡು ದಿನ ಯೋಚಿಸಿ ಒಂದು ದಾರಿ ತಂದರು. ಕೆಳಗಿನ ಪೈಪಿಗೆ ನೀರು ಬರಲಿ ಬಿಡಿ ಮಿಸ್, ಅದನ್ನ ಯಾಕೆ ತಡೀಬೇಕು? ಸರಿ ಅನ್ನಿಸಿತು. ಮೇಲಿನ 40 ಸೆಂಟಿಮೀಟರ್ ಮಾತ್ರ ಗಾಳಿಯ ಕೋಣೆ. ನಡುವೆ ಪಿವಿಸಿ ತಟ್ಟೆಯೊಂದನ್ನು ಗೋಡೆಯ ಹಾಗೆ ಸೊಲ್ಯೂಷನ್ ಹಾಕಿ ಅಂಟಿಸಿ, ಎರಡು ಪೈಪನ್ನು ಜೋಡಿಸುವ ಕಪ್ಲರ್ ಕೂರಿಸಿದೆವು. ಕೆಳಗಿನ 70 ಸೆಂಟಿಮೀಟರ್ ಪೈಪಿಗೆ ಎಷ್ಟು ಬೇಕೋ ಅಷ್ಟು ತೂತು. ನೀರು ಬಂದು ಹೋಗಲಿ. ಬಿದಿರಿನ ಗಳ ಒಂದೊಂದೂ ಒಂದು ಮೀಟರ್, ಪೈಪಿನ ಈ ಕಡೆಯಿಂದ ಆ ಕಡೆಗೆ ನೇರ ಹೊರಟಿತು. ಮೇಲೆ ಎರಡು, ಕೆಳಗೆ ಎರಡು. ಒಂದರ ಮೇಲೊಂದು ಅಡ್ಡ ಕೂರುವಂತೆ ತೂತುಗಳನ್ನು ಒಂದಿಂಚು ಮೇಲೆ ಕೆಳಗೆ ಹೊಡೆದೆವು. ಮೆತ್ತುವ ಕೆಲಸವೇ ಉಳಿಯಲಿಲ್ಲ.

ರೆಕ್ಕೆಗೆ ಮೊದಲು ತಂದಿದ್ದು ಮೆಕ್ಕೆಜೋಳ ಒಣಗಿಸುವ ತಾಡಪಾಲು. ಮನೆಮನೆಯಲ್ಲೂ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಆದರೆ ಕತ್ತರಿಸಿದ ಅಂಚಿಂದ ಪ್ಲಾಸ್ಟಿಕ್ ಎಳೆಗಳು ಉದುರುತ್ತಿದ್ದವು. ಕೈಯಲ್ಲಿ ಉಜ್ಜಿದರೆ ಬೆರಳಿಗೆ ಅಂಟುತ್ತಿದ್ದವು. ಸಮುದ್ರದ ಬಗ್ಗೆ ತಿಳಿಯಲು ಹೋಗಿ ಅದಕ್ಕೇ ಪ್ಲಾಸ್ಟಿಕ್ ತಿನ್ನಿಸುವುದು ಬೇಡ ಅಂತ ಎಲ್ಲರೂ ಒಪ್ಪಿದರು. ಹತ್ತಿ ಗಿರಣಿಗಳಿಂದ ಹೆಸರಾದ ಊರು ನಮ್ಮದು. ದಪ್ಪ ಕಾಟನ್ ಕ್ಯಾನ್ವಾಸ್ ಹುಡುಕುವುದು ಕಷ್ಟವಾಗಲಿಲ್ಲ. ಪಿ.ಬಿ. ರಸ್ತೆ ಕಡೆ ಲಾರಿಗಳಿಗೆ ತಾಡಪಾಲು ಹೊಲಿಯುವವರೊಬ್ಬರು ಹೊಲಿದುಕೊಟ್ಟರು. ಅವರು ಅಂಚನ್ನು ಎರಡು ಮಡಿಕೆ ಮಡಚಿ, ಒಳಗೆ ಹುರಿ ಇಟ್ಟು, ಎರಡು ಸಾಲು ಹೊಲಿಗೆ ಹಾಕಿದರು. "ಮೂಲಿಗೆ ತೇಪೆ ಹಾಕಿ ಆಮೇಲೆ ರಿಂಗ್ ಹೊಡೀಬೇಕ್ರೀ ಮೇಡಂ. ಹರಿಯೋದು ಯಾವಾಗ್ಲೂ ಮೂಲಿಯಿಂದ್ಲೇ" ಅಂದರು. ಅಂದು ತೇಪೆಯ ಬಟ್ಟೆ ಸಾಲದೆ, ಮೇಲಿನ ಮೂಲೆಗಳಿಗೆ ಮಾತ್ರ ಹಾಕಿಸಿದೆವು.

ಪ್ರತಿ ರೆಕ್ಕೆ 45 ಸೆಂಟಿಮೀಟರ್ ಅಗಲ, 70 ಎತ್ತರ. ಎರಡು ರೆಕ್ಕೆ ನೀರಿಗೆ ಎದುರಾದರೆ 6,300 ಚದರ ಸೆಂಟಿಮೀಟರ್. ಗಾಳಿಗೆ ಸಿಗುವ ತಲೆ 11 ಅಗಲ, 15 ಎತ್ತರ, ಅಂದರೆ 165. ಭಾಗಿಸಿದರೆ 38. ಮುಳುಗಿದ ಪೈಪನ್ನೂ ಸೇರಿಸಿದರೆ 40 ದಾಟುತ್ತದೆ.

ತಲೆ ಇನ್ನೂ ಸಣ್ಣದಿರಬಾರದಾ ಅಂತ ಕೇಳಬಹುದು. ಗಾಳಿಯ ಲೆಕ್ಕಕ್ಕೆ ಒಳ್ಳೆಯದೇ. ಆದರೆ ರೇಡಿಯೋ ಅಲೆ ನೀರೊಳಗೆ ಹೋಗುವುದಿಲ್ಲ. ನಾವು ಹಾಕಿದ್ದು ಲೋರಾ ಅನ್ನುವ ಸಣ್ಣ ರೇಡಿಯೋ. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ 865 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಅದು ಮಾತಾಡುತ್ತದೆ. ಆ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಅದರ ಕಾಲುಭಾಗ, ಎಂಟೂವರೆ ಚಿಲ್ಲರೆ ಸೆಂಟಿಮೀಟರಿನ ತಂತಿ, ನಮ್ಮ ಆಂಟೆನಾ. ಅದು ನೀರಿನ ಮೇಲೇ ಇರಬೇಕು, ಸಣ್ಣ ಅಲೆ ಬಂದರೂ ಮುಳುಗಬಾರದು. ಗಾಳಿ "ತಲೆ ತಗ್ಗಿಸು" ಅನ್ನುತ್ತದೆ, ಆಂಟೆನಾ "ತಲೆ ಎತ್ತು" ಅನ್ನುತ್ತದೆ. 15 ಸೆಂಟಿಮೀಟರ್ ಅನ್ನುವುದು ಇಬ್ಬರ ನಡುವಿನ ರಾಜಿ.

ಉಳಿದ ಎಲೆಕ್ಟ್ರಾನಿಕ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಜಿಪಿಎಸ್ ಮಾಡ್ಯೂಲ್, ಒಂದು ಸಣ್ಣ ಬೋರ್ಡ್, ಮೆಮೊರಿ ಕಾರ್ಡ್, ಲ್ಯಾಪ್‌ಟಾಪಿನಲ್ಲಿರುವಂಥ ಎರಡು ಬ್ಯಾಟರಿ ಸೆಲ್. ಹತ್ತು ನಿಮಿಷಕ್ಕೊಮ್ಮೆ ಎದ್ದು, ಜಾಗ ನೋಡಿ, ಕಳಿಸಿ, ಮಲಗುತ್ತದೆ. ಪಿವಿಸಿ ರೇಡಿಯೋ ಅಲೆಯನ್ನು ತಡೆಯುವುದಿಲ್ಲ, ಹಾಗಾಗಿ ಆಂಟೆನಾಗೆ ತೂತು ಬೇಕಾಗಲಿಲ್ಲ. ಉಪಗ್ರಹದ ಜೊತೆ ಮಾತಾಡುವ ಯಂತ್ರ ಹಾಕೋಣ ಅಂತ ಮಕ್ಕಳಿಗೆ ಬಹಳ ಆಸೆಯಿತ್ತು. ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಅದನ್ನು ಬಳಸುವ ಹಾಗಿಲ್ಲ. ಹಾಗಾಗಿ ಮೊದಲ ದಿನವೇ ತೀರ್ಮಾನ ಮಾಡಿದೆವು: ಸೋರೆಯನ್ನು ಬಿಟ್ಟು ಬರುವುದಿಲ್ಲ. ಕೆಲವು ಗಂಟೆ ತೇಲಿಬಿಟ್ಟು, ಹಿಂದೆಯೇ ಹೋಗಿ, ಎತ್ತಿಕೊಂಡು ಬರುತ್ತೇವೆ.

ತೂಕ ಸರಿಮಾಡಿದ್ದು ಊರಾಚೆ ಒಬ್ಬ ಹುಡುಗನ ತೋಟದಲ್ಲಿ. ಅಲ್ಲಿ ಐದಡಿ ಆಳದ ಸಿಮೆಂಟ್ ತೊಟ್ಟಿ ಇದೆ. ಪೈಪಿನ ತುದಿಗೆ ಸಿಮೆಂಟ್ ಗಾರೆ ತುಂಬಿ, ಅದರ ಕೆಳಗೆ ಕಬ್ಬಿಣದ ವಾಷರ್‌ಗಳನ್ನು ಒಂದೊಂದಾಗಿ ಕಟ್ಟುತ್ತಾ ಹೋದೆವು. ತಲೆ ಸರಿಯಾಗಿ 15 ಸೆಂಟಿಮೀಟರ್ ಮೇಲೆ ನಿಂತಾಗ ಮಕ್ಕಳು ಚಪ್ಪಾಳೆ ಹೊಡೆದರು. ಮಾರ್ಕರ್‌ನಿಂದ ಗೆರೆ ಎಳೆದು ಮನೆಗೆ ಹೋದೆವು. ಮರುದಿನ ಹೋಗಿ ನೋಡಿದರೆ ಗೆರೆ ನೀರೊಳಗೆ! ತಲೆ 10 ಸೆಂಟಿಮೀಟರ್ ಮಾತ್ರ ಕಾಣುತ್ತಿತ್ತು.

ಸೋರಿದೆ ಅಂತಲೇ ಎಲ್ಲರ ಮುಖ ಸಪ್ಪಗಾಯಿತು. ಎತ್ತಿ, ಮುಚ್ಚಳ ಬಿಚ್ಚಿ ನೋಡಿದೆವು. ಒಳಗೆ ಒಂದು ಹನಿ ಇಲ್ಲ. ಹಾಗಾದರೆ ಭಾರ ಎಲ್ಲಿಂದ ಬಂತು? ಈ ಪೈಪು ಒಂದು ಸೆಂಟಿಮೀಟರ್ ಮುಳುಗಿದರೆ 95 ಗ್ರಾಂ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಐದು ಸೆಂಟಿಮೀಟರ್ ಅಂದರೆ 475 ಗ್ರಾಂ. ಹುಡುಗಿಯರಿಬ್ಬರು ಬಿದಿರಿನ ಗಳಗಳನ್ನು ಬಿಚ್ಚಿ ತಕ್ಕಡಿಗೆ ಹಾಕಿದರು. ಕಟ್ಟುವ ಮುಂಚೆ ತೂಗಿ ಬರೆದಿಟ್ಟಿದ್ದ ಲೆಕ್ಕಕ್ಕಿಂತ ಒಂದೊಂದೂ 120 ಗ್ರಾಂ ಹತ್ತಿರ ಜಾಸ್ತಿ! ನಾಲ್ಕು ಗಳ ಸೇರಿ 480. ರಾತ್ರಿಯೆಲ್ಲ ಬಿದಿರು ನೀರು ಕುಡಿದಿತ್ತು. ಆ ಎರಡು ಅಂಕಿ ಒಂದರ ಪಕ್ಕ ಒಂದು ಬರೆದಾಗ ಆ ಹುಡುಗಿಯರ ಮುಖ ನೋಡಬೇಕಿತ್ತು. ಪಾಠದ ಆರ್ಕಿಮಿಡೀಸ್ ಅವತ್ತು ಅವರಿಗೆ ಸ್ವಂತದವನಾದ.

ಬಿದಿರು ಕೊಟ್ಟಿದ್ದ ಬುಟ್ಟಿ ಹೆಣೆಯುವ ಅಜ್ಜಿಗೆ ಹೇಳಿದರೆ, "ನಾವು ನೆನೆಸದೆ ಬಿದಿರು ಮುಟ್ಟಂಗೇ ಇಲ್ಲವ್ವಾ" ಅಂದರು. ಮೊದಲೇ ಕೇಳಬೇಕಿತ್ತು. ಗಳಗಳನ್ನು ಐದು ದಿನ ನೀರಲ್ಲಿ ಮುಳುಗಿಸಿ, ತೂಕ ಏರುವುದು ನಿಂತ ಮೇಲೆ ಮತ್ತೆ ಕಟ್ಟಿ, ವಾಷರ್‌ಗಳನ್ನು ಕಡಿಮೆ ಮಾಡಿದೆವು. ಆಮೇಲೆ ಗೆರೆ ಅಲ್ಲಾಡಲಿಲ್ಲ.

ಎರಡನೇ ಸೋರಿಕೆ ಮಾತ್ರ ನಿಜವಾದದ್ದು. ನೀರಿನ ಬಿಸಿ ಅಳೆಯಲು ಒಂದು ಸೆನ್ಸರ್ ಹೊರಗೆ ಇಟ್ಟಿದ್ದೆವು. ಅದರ ಕೇಬಲ್ ನಡುವಿನ ತಟ್ಟೆಯ ಮೂಲಕ ಒಳಗೆ ಬರುತ್ತದೆ. ಪರೀಕ್ಷೆಗೆ 200 ಲೀಟರ್ ಡ್ರಮ್ಮಿಗೆ ಏಳು ಕಿಲೋ ಕಲ್ಲುಪ್ಪು ಕರಗಿಸಿದೆವು. ಲೀಟರಿಗೆ 35 ಗ್ರಾಂ, ಸಮುದ್ರದಷ್ಟೇ ಉಪ್ಪು. ಕೆಳಗಿನ ಪೈಪು ಬಿಚ್ಚಿ, ಗಾಳಿ ಕೋಣೆಯನ್ನು ಮಾತ್ರ ಕಲ್ಲು ಹೇರಿ ಮೂರು ದಿನ ಮುಳುಗಿಸಿಟ್ಟೆವು. ಒಳಗೆ ಒಂದು ಟಿಶ್ಯೂ ಪೇಪರ್, ಅದರ ಮೇಲೆ ಇಂಕ್ ಪೆನ್ನಿನಿಂದ ಗೆರೆಗಳು. ಒಂದು ಹನಿ ಬಿದ್ದರೂ ಇಂಕು ಹರಡಿಕೊಳ್ಳುತ್ತದೆ. ಈ ಉಪಾಯ ಮಕ್ಕಳದೇ, ನನಗೆ ತುಂಬಾ ಹಿಡಿಸಿತು. ತೆಗೆದು ನೋಡಿದಾಗ ಕೇಬಲ್ ತುದಿಯ ಕೆಳಗೆ ಮಾತ್ರ, ರೂಪಾಯಿ ಅಗಲಕ್ಕೆ, ಇಂಕು ಹರಡಿತ್ತು. ತಟ್ಟೆಯ ಸುತ್ತ ಹಚ್ಚಿದ್ದ ಅಂಟು ಒಣಗಿಯೇ ಇತ್ತು.

ಮೂರು ಸಲ ಅಂಟು ಹಚ್ಚಿದೆವು. ಮೂರು ಸಲವೂ ಅಲ್ಲೇ ಕಲೆ.

ಕೊನೆಗೆ ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುವವರ ಹತ್ತಿರ ಹೋದೆವು. ನಮ್ಮ ಕಡೆ ಐನೂರು ಅಡಿ ಆಳದ ನೀರಲ್ಲಿ ವರ್ಷಗಟ್ಟಲೆ ಇರುವ ಕೇಬಲ್ ಜಾಯಿಂಟನ್ನು ಕೈಯಲ್ಲೇ ಮಾಡುವವರು ಅವರು. ಇದಕ್ಕಿಂತ ದೊಡ್ಡ ಗುರು ಯಾರು ಸಿಗುತ್ತಾರೆ? ಅವರು ಕೇಬಲನ್ನು ಬಿಚ್ಚಿಸಿ ಕೈಗೆ ತೆಗೆದುಕೊಂಡರು. ಸೆನ್ಸರ್ ಕಡೆಯ ಭಾಗವನ್ನು ಮಗ್ಗಿನ ನೀರಲ್ಲಿ ಮುಳುಗಿಸಿದರು. ಇನ್ನೊಂದು ತುದಿಯನ್ನು ತುಟಿಗಿಟ್ಟು ಜೋರಾಗಿ ಊದಿದರು. ಮಗ್ಗಿನಲ್ಲಿ ಪುಟ್ಟ ಪುಟ್ಟ ಗುಳ್ಳೆ ಸಾಲಾಗಿ ಎದ್ದವು. ಮಕ್ಕಳು ಮಗ್ಗಿನ ಮೇಲೆ ಬಗ್ಗಿದರು. ಕೇಬಲನ್ನು ಪೈಪಿಗೆ ಬಿಗಿದಿದ್ದ ಟ್ಯಾಗ್ ಇದ್ದ ಜಾಗದಲ್ಲಿ, ಉಗುರಿನ ಗೀರಿನಷ್ಟು ಸಣ್ಣದಾಗಿ, ಮೇಲಿನ ರಬ್ಬರ್ ಕುಯ್ದಿತ್ತು.

"ನೀರು ನಿಮ್ಮ ಜಾಯಿಂಟಿಂದ ಬರಾಕತ್ತಿಲ್ರೀ. ವೈರಿನ ಹೊಟ್ಟ್ಯಾಗಿಂದ ಬರ್ತೈತಿ. ಬತ್ತಿ ಎಣ್ಣೆ ಎಳೀತೈತಲ್ಲ, ಹಂಗ."

ಕೇಬಲ್ ಒಳಗೆ ಎಳೆಗಳ ನಡುವೆ ಕೂದಲಿನಷ್ಟು ಸಂದಿಗಳಿರುತ್ತವೆ. ಹೊರಗೆ ಎಲ್ಲೋ ಒಂದು ಗೀರು ಬಿದ್ದರೆ ಸಾಕು. ನೀರು ಆ ಸಂದಿಯಲ್ಲೇ ನಡೆದು, ಎಷ್ಟೇ ಅಂಟು ಹಚ್ಚಿದ ಗೋಡೆಯನ್ನೂ ದಾಟಿ, ಒಳಗಿನ ತುದಿಯಿಂದ ಇಳಿಯುತ್ತದೆ. ಅವರು ತೋರಿಸಿಕೊಟ್ಟ ದಾರಿ ಹೀಗಿದೆ. ಗೋಡೆ ದಾಟುವ ಜಾಗದಲ್ಲಿ ಕೇಬಲಿನ ಮೇಲಿನ ರಬ್ಬರನ್ನು ಎರಡಿಂಚು ಸುಲಿಯಬೇಕು. ಒಳಗಿನ ಮೂರು ವೈರುಗಳ ಪ್ಲಾಸ್ಟಿಕನ್ನೂ ಅರ್ಧ ಇಂಚು ಸುಲಿದು, ಬರೀ ತಾಮ್ರಕ್ಕೆ ಬೆಸುಗೆ ತುಂಬಬೇಕು. ಬೆಸುಗೆ ಎಳೆಗಳ ನಡುವಿನ ಸಂದಿಯನ್ನು ಮುಚ್ಚುತ್ತದೆ. ಆಮೇಲೆ ಒಂದಕ್ಕೊಂದು ತಾಗದಂತೆ ಬಿಡಿಸಿ ಹಿಡಿದು, ಸಣ್ಣ ಅಚ್ಚಿನಲ್ಲಿಟ್ಟು, ಸುತ್ತ ಎಪಾಕ್ಸಿ ಅನ್ನುವ ಗಟ್ಟಿಯಾಗುವ ಅಂಟು ಸುರಿಯಬೇಕು. ಈಗ ಕೇಬಲಿನ ಒಳಗೂ ಒಂದು ಗೋಡೆ ಎದ್ದಿತು. ಗೀರಿದ್ದ ಜಾಗಕ್ಕೆ ಬೋರ್‌ವೆಲ್ ಟೇಪನ್ನು ಎಳೆದೆಳೆದು, ಅರ್ಧರ್ಧ ಮೇಲೆ ಬರುವಂತೆ ಸುತ್ತಿದರು. ಟೇಪ್ ಎಳೆಯದೆ ಸುತ್ತಿದ ಹುಡುಗನ ಕೈ ಹಿಡಿದು ಮತ್ತೆ ಸುತ್ತಿಸಿದರು. ದುಡ್ಡು ಬೇಡ, ತಿರುಗಿ ಬಂದ ಮೇಲೆ ಏನಾಯ್ತು ಅಂತ ಹೇಳಿ ಅಂದರು.

ಆ ಸಲ ಮೂರು ದಿನ ಉಪ್ಪುನೀರಲ್ಲಿಟ್ಟರೂ ಇಂಕಿನ ಗೆರೆ ಗೆರೆಯಾಗೇ ಇತ್ತು.

ಡಿಸೆಂಬರಿನಲ್ಲಿ ಸೂಳೆಕೆರೆಗೆ ಹೋದೆವು. ಎರಡು ಗುಡ್ಡಗಳ ನಡುವೆ ಏರಿ ಕಟ್ಟಿದ ಕೆರೆ, ಗಾಳಿ ಸಖತ್ತಾಗಿ ಬೀಸುತ್ತದೆ. ಚಿತ್ರದುರ್ಗಕ್ಕೂ ಕುಡಿಯುವ ನೀರು ಹೋಗುವುದು ಇಲ್ಲಿಂದಲೇ, ಹಾಗಾಗಿ ಬ್ಯಾಟರಿಯನ್ನು ಇನ್ನೊಂದು ಡಬ್ಬಿಯಲ್ಲಿ ಹಾಕಿ ಮುಚ್ಚಿದ್ದೆವು. ಮಕ್ಕಳು ಏರಿಯ ಮೇಲೆ, ನಾನು ಮೀನು ಹಿಡಿಯುವವರ ತೆಪ್ಪದಲ್ಲಿ. ಸೋರೆಯನ್ನೂ, ಅದೇ ಜಾಗದಲ್ಲಿ ಅರ್ಧ ನೀರು ತುಂಬಿದ ಒಂದು ಬಾಟಲಿಯನ್ನೂ ಒಟ್ಟಿಗೆ ಬಿಟ್ಟೆವು. ಬಾಟಲಿಯ ಹಿಂದೆ ತೆಪ್ಪದವರು ನನ್ನ ಮೊಬೈಲಿನ ಜಿಪಿಎಸ್ ಜೊತೆ ಹೋದರು. ಒಂದು ಗಂಟೆಯಲ್ಲಿ ಬಾಟಲಿ 640 ಮೀಟರ್ ಹೋಗಿತ್ತು. ಸೋರೆ 150 ಮೀಟರ್. ಎರಡರ ದಿಕ್ಕೂ ಬೇರೆಯಾಗಿತ್ತು. ಏರಿಯ ಮೇಲಿಂದ ಮಕ್ಕಳು ಎರಡು ಬಣ್ಣದ ಚುಕ್ಕೆ ಇಟ್ಟು ನಕ್ಷೆ ಬರೆಯುತ್ತಿದ್ದರು. ಬಾಟ್ಲಿಯ ಪ್ರಶ್ನೆ ಕೇಳಿದ್ದ ಹುಡುಗಿ ಫೋನ್ ಮಾಡಿ ಒಂದೇ ಮಾತು ಹೇಳಿದಳು: "ಮಿಸ್, ಗಾಳಿನೇ."

ಜನವರಿ ಕೊನೆಯಲ್ಲಿ ಹೊನ್ನಾವರ. ಶಿವಮೊಗ್ಗ, ಸಾಗರ, ಜೋಗ ದಾಟಿ, ಗೇರುಸೊಪ್ಪೆ ಘಟ್ಟ ಇಳಿದು. ಪೋಷಕರ ಒಪ್ಪಿಗೆ, ಕರಾವಳಿ ಕಾವಲು ಪೊಲೀಸರಿಗೆ ಪತ್ರ, ಎಲ್ಲರಿಗೂ ಲೈಫ್ ಜಾಕೆಟ್. ಸಮುದ್ರ ಮೊದಲ ಸಲ ಕಂಡಾಗ ಬಸ್ಸಿನೊಳಗೆ ಸದ್ದೇ ಇರಲಿಲ್ಲ.

ದೋಣಿಯ ಯಜಮಾನರು ಸೋರೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದು ಬಡಗಕ್ಕೆ ಹೋಗ್ತದೆ. ಈಗ ನೀರು ಬಡಗಕ್ಕೆ ಎಳೀತದೆ. ನಿಮ್ಮ ಬಾಟ್ಲಿ ಮಧ್ಯಾಹ್ನದ ಗಾಳಿಗೆ ದಡಕ್ಕೆ ಬರ್ತದೆ" ಅಂದರು. ನಮ್ಮ ಪಡುವಣ ಕರಾವಳಿಯ ಹರಿವು ಮಳೆಗಾಲದಲ್ಲಿ ತೆಂಕಕ್ಕೆ, ನವೆಂಬರಿನಿಂದ ಫೆಬ್ರವರಿವರೆಗೆ ಬಡಗಕ್ಕೆ ಅಂತ ನಾನು ಓದಿ ಹೇಳಿಕೊಟ್ಟಿದ್ದೆ. ಅವರು ಬಲೆ ಎಳೆದು ಕಲಿತಿದ್ದರು.

ದಡದಿಂದ ನಾಲ್ಕು ಕಿಲೋಮೀಟರ್ ಆಚೆ, ಬೆಳಿಗ್ಗೆ ಹತ್ತೂವರೆಗೆ ಬಿಟ್ಟೆವು. ಉಪ್ಪುನೀರಿನಲ್ಲಿ ತಲೆ ಒಂದೂವರೆ ಸೆಂಟಿಮೀಟರ್ ಮೇಲೆದ್ದಿತು. ಲೆಕ್ಕ ಮೊದಲೇ ಹಾಕಿದ್ದರಿಂದ ಎರಡು ವಾಷರ್ ಜೇಬಲ್ಲಿತ್ತು, ಕಟ್ಟಿದೆವು. ಹನ್ನೆರಡರ ಹೊತ್ತಿಗೆ ಅಲೆ ಏರಿತು. ನಾಲ್ಕು ಸಲ ಸಿಗ್ನಲ್ ಬರಲೇ ಇಲ್ಲ. ನಲವತ್ತು ನಿಮಿಷ. ಮಕ್ಕಳು ಮಾತಾಡುವುದನ್ನೇ ನಿಲ್ಲಿಸಿದರು. ಪಿಟಿ ಮೇಷ್ಟ್ರು ರಿಸೀವರನ್ನು ಬಿದಿರಿನ ಕೋಲಿಗೆ ಕಟ್ಟಿ ತಲೆಯ ಮೇಲೆ ಎತ್ತಿ ಹಿಡಿದರು. ಐದನೇ ಸಲ ಅಂಕಿಗಳು ಬಂದವು.

ಮಧ್ಯಾಹ್ನ 1 ಗಂಟೆ 50 ನಿಮಿಷಕ್ಕೆ ಎತ್ತಿಕೊಂಡಾಗ ಸೋರೆ ಬಿಟ್ಟ ಜಾಗದಿಂದ 1.9 ಕಿಲೋಮೀಟರ್ ಹೋಗಿತ್ತು, ಹೆಚ್ಚುಕಡಿಮೆ ನೇರ ಬಡಗಕ್ಕೆ. ಸೆಕೆಂಡಿಗೆ ಸುಮಾರು 16 ಸೆಂಟಿಮೀಟರ್. ಬಾಟಲಿಯನ್ನು ಇನ್ನೊಂದು ದೋಣಿಯವರು ದಡದ ಕಡೆ ಬಹಳ ಒಳಗೆ ಹಿಡಿದುಕೊಟ್ಟರು. ಒಂದು ದಿನದ ಗೆರೆಯಿಂದ ಸಮುದ್ರದ ಹರಿವು ಹೀಗೇ ಅಂತ ಹೇಳಲಾಗದು, ಉಬ್ಬರವಿಳಿತದ ಪಾಲೂ ಅದರಲ್ಲಿರುತ್ತದೆ. ಅದನ್ನು ಮಕ್ಕಳೇ ವರದಿಯಲ್ಲಿ ಬರೆದಿದ್ದಾರೆ.

ಸಂಜೆ ಉಳಿದುಕೊಂಡಿದ್ದ ಕಡೆ ವರಾಂಡದಲ್ಲಿ ಕೂತು ಮುಚ್ಚಳ ಬಿಚ್ಚಿದೆವು. ಟಿಶ್ಯೂ ಪೇಪರಿನ ಇಂಕಿನ ಗೆರೆಗಳು ಬೆಳಿಗ್ಗೆ ಎಳೆದ ಹಾಗೇ ಇದ್ದವು. ಅಲ್ಲಿಂದಲೇ ಮೋಟಾರ್ ರಿಪೇರಿಯವರಿಗೆ ಫೋನ್ ಮಾಡಿ ಹೇಳಿದೆವು. ರೆಕ್ಕೆಯ ಕೆಳಗಿನ ಎರಡು ಮೂಲೆಗಳಲ್ಲಿ ರಿಂಗ್ ಕಿತ್ತು ಬಂದು ಬಟ್ಟೆ ಹರಿದಿತ್ತು. ತೇಪೆ ಹಾಕಿಸದೆ ಬಿಟ್ಟಿದ್ದ ಮೂಲೆಗಳವು. ಸೋಮವಾರ ಪಿ.ಬಿ. ರಸ್ತೆಗೆ ಹೋಗಬೇಕು.